ಕಮಲಾಪುರದ ಕ್ಯಾಸೆಟ್ಟು

ಹೋದ ಏಪ್ರಿಲ್‌ನಲ್ಲಿ ಹುಮನಾಬಾದಿನಿಂದ ಕಲಬುರಗಿಗೆ ವಾಪಸು ಬರುವಾಗ ಕಮಲಾಪುರದಲ್ಲಿ ನಮ್ಮ ಕಾರು ಒಂದು ಮದುವೆ ಮೆರವಣಿಗೆಯ ಹಿಂದೆ ಸಿಕ್ಕಿಕೊಂಡಿತು. ಮಟಮಟ ಮಧ್ಯಾಹ್ನ. ಮುಂದೆ ಮನೆಯೆತ್ತರದ ಸ್ಪೀಕರ್ ಹೇರಿಕೊಂಡ ಲಾರಿ, ಅದರ ಹಿಂದೆ ಬೆವರಿನಲ್ಲಿ ತೊಯ್ದು ಕುಣಿಯುವ ಜನ, ಜನರೇಟರಿನ ಹೊಗೆ, ಮೆತ್ತಗಾದ ಡಾಂಬರಿನ ವಾಸನೆ. ಕಾರಿನ ಗಾಜು ಅದುರುತ್ತಿತ್ತು. ಕಾರು ಓಡಿಸುತ್ತಿದ್ದವನು ನಮ್ಮ ಊರಿನದೇ ರೋಜಾ ಬಡಾವಣೆಯ ಮನುಷ್ಯ, ನನಗಿಂತ ಹತ್ತು ಹನ್ನೆರಡು ವರ್ಷ ಚಿಕ್ಕವನಿರಬೇಕು. ಮೊದಲು ಹೀಗಿರಲಿಲ್ಲ, ಬ್ಯಾಂಡ್ ಬಾಜಾ ಇರುತ್ತಿತ್ತು ಎಂದು ಶುರುಮಾಡಿದ. ಮಾಣಿಕ್ ಮಾಸ್ಟರ್ ಅಂತ ಒಬ್ಬ ಕ್ಲಾರಿನೆಟ್ ಬಾರಿಸುವವನಿದ್ದನಂತೆ. ಅವನು ಇದೇ ಕಮಲಾಪುರದಲ್ಲಿ ಬಾರಿಸಿದ್ದರ ಕ್ಯಾಸೆಟ್ಟು ತನ್ನ ತಂದೆಯ ಚಹಾ ಹೋಟೆಲಿನಲ್ಲಿ ಕೆಲವು ದಿನ ಓಡಿತ್ತಂತೆ, ಆಮೇಲೆ ಯಾರೋ ಬಂದು ಅದನ್ನು ಕೇಳಿ ತೆಗೆದುಕೊಂಡು ಹೋದರಂತೆ. ಎಲ್ಲಾದರೂ ಸಿಕ್ಕರೆ ಮೊಬೈಲಿಗೆ ಹಾಕಿಸಿಕೊಳ್ಳಬೇಕೆಂದು ಅವನ ಆಸೆ. "ನಿಮಗೇನರ ಗೊತ್ತದೇನ್ರೀ ಸಾಹೇಬ್ರ?" ಎಂದು ಕೇಳಿದ.

ಗೊತ್ತಿಲ್ಲ ಎಂದೆ. ಕೇಳಿ ತೆಗೆದುಕೊಂಡು ಹೋದವರಲ್ಲಿ ನಾನೂ ಒಬ್ಬ. ಅದನ್ನು ಹೇಳಹೊರಟರೆ ಆ ಬೇಸಿಗೆಯನ್ನೆಲ್ಲ ಹೇಳಬೇಕಾಗುತ್ತಿತ್ತು. ಅಷ್ಟರಲ್ಲಿ ಲಾರಿ ಪಕ್ಕಕ್ಕೆ ಸರಿದು ನಮಗೆ ದಾರಿಯಾಯಿತು.

ಎಂಬತ್ತರ ದಶಕ ಮುಗಿಯುತ್ತ ಬಂದಿತ್ತು, ನಮ್ಮ ಊರು ಕಾಗದದ ಮೇಲೂ ಬಾಯಲ್ಲೂ ಇನ್ನೂ ಗುಲಬರ್ಗಾ ಆಗಿತ್ತು. ನಾನು ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಮನೆ ಬ್ರಹ್ಮಪುರದಲ್ಲಿ. ಅಪ್ಪನ ಜೊತೆ ಕನ್ನಡ, ಅಜ್ಜಿಯ ಜೊತೆ ಮರಾಠಿ, ಬೆಳಿಗ್ಗೆ ದೇವರ ಪೂಜೆ, ಸಂಜೆ ಗೋಡೆಗೆ ಒರಗಿ ರೇಡಿಯೋ. ಇಂಥ ಮನೆಯ ಮಗ ಪರರ ಮದುವೆಯ ಬ್ಯಾಂಡಿನ ಹಿಂದೆ ಬೀದಿ ಬೀದಿ ಸುತ್ತಿದ ಎಂದರೆ ನಂಬಲು ಕಷ್ಟ. ಸುತ್ತಿದ್ದು ನಿಜ. ನನ್ನ ಹೆಂಡತಿ ಸುಧಾ ಮೊದಮೊದಲು ನಕ್ಕಳು, ಆಮೇಲೆ ಬೈದಳು. "ಮಂದಿ ಲಗ್ನದಾಗ ಕುದುರಿ ಹಿಂದ ಓಡಾಡೋ ವಯಸ್ಸೇನ್ರೀ ನಿಮ್ದು? ವರನ ಕಾಕಾ ಅಂತ ತಿಳದು ಯಾರರ ಕೊಳ್ಳಿಗಿ ಹಾರ ಹಾಕ್ಯಾರು" ಎನ್ನುತ್ತಿದ್ದಳು. ಒಮ್ಮೆ ಹಾಕಿಯೂ ಇದ್ದರು.

ನಾವು ಮೂವರಿದ್ದೆವು. ಮೊದಲನೆಯವನು ಹಮೀದ್. ರೋಜಾದಲ್ಲಿ, ದರ್ಗಾಕ್ಕೆ ಹೋಗುವ ಓಣಿಯೊಂದರಲ್ಲಿ ಅವನದು ರೇಡಿಯೋ ಮತ್ತು ಟೇಪ್ ರಿಪೇರಿಯ ಅಂಗಡಿ. ಗಿರಾಕಿಯ ರೇಡಿಯೋ ಬಿಚ್ಚಿಟ್ಟು, ಅದನ್ನು ಮರೆತು, ಗಿರಾಕಿಯ ಜೊತೆ ಸಂಗೀತದ ಬಗ್ಗೆ ಜಗಳ ತೆಗೆಯುವ ಆಸಾಮಿ. ಎರಡನೆಯವನು ಮಹಾಗಾಂವದ ಬಸವಂತರಾಯ. ತೊಗರಿ ರಾಶಿ ಮುಗಿದು ಮಾಲು ಮಾರುಕಟ್ಟೆಗೆ ಹೋದಮೇಲೆ ಜೂನಿನಲ್ಲಿ ಮಿರಗದ ಮಳೆ ಬೀಳುವ ತನಕ ಅವನಿಗೆ ಒಂದು ಮೋಟರ್‌ಸೈಕಲ್ಲು ಮತ್ತು ಎರಡು ಕಿವಿ ಬಿಟ್ಟರೆ ಬೇರೆ ಜವಾಬ್ದಾರಿ ಇರಲಿಲ್ಲ. ಮೂರನೆಯವನು ನಾನು. ನಮ್ಮನ್ನು ಕೂಡಿಸಿದವನು ಆ ಮಾಣಿಕ್ ಮಾಸ್ಟರ್, ಅಂದರೆ ಮಾಣಿಕಪ್ಪ, ಅವನಿಗೆ ಗೊತ್ತಿಲ್ಲದೆಯೇ.

ಮಾಣಿಕಪ್ಪ ತಾಜಸುಲ್ತಾನಪುರದವನು. ನಲವತ್ತು ದಾಟಿದ ಬಡಕಲು ಮನುಷ್ಯ. ಮಳೆಗಾಲದಲ್ಲಿ ಹಾರ್ಮೋನಿಯಂನ ಹರಿದ ತಿದಿ ಹೊಲಿಯುವುದು, ಗಣಪತಿ ಮುಂದೆ ಬಾರಿಸುವುದು, ಬೇಸಿಗೆಯಲ್ಲಿ ಮದುವೆಯ ಬ್ಯಾಂಡು. ಸುಣ್ಣ ಬಳಿಯುವವನಂತೆ ಸಾದಾ ಇರುತ್ತಿದ್ದ ಅವನು ಕ್ಲಾರಿನೆಟ್ ತುಟಿಗಿಟ್ಟರೆ ಬೇರೆಯೇ. ಎಲ್ಲ ಬ್ಯಾಂಡುಗಳ ಹಾಗೆ ಅವನೂ ಕುಣಿಯುವ ಹುಡುಗರು ಕೇಳಿದ ಸಿನಿಮಾ ಹಾಡನ್ನೇ ಎತ್ತಿಕೊಳ್ಳುತ್ತಿದ್ದ. ಆದರೆ ವೃತ್ತದಲ್ಲೋ ಓಣಿ ತಿರುವಿನಲ್ಲೋ ಕುದುರೆ ನಿಂತು ಕುಣಿತ ಜೋರಾದಾಗ ಹಾಡಿನಿಂದ ಮೆಲ್ಲಗೆ ಜಾರಿಕೊಂಡು ಎಲ್ಲೆಲ್ಲೋ ಹೊರಟುಬಿಡುತ್ತಿದ್ದ. ಒಂದು ರಾಗದಿಂದ ಇನ್ನೊಂದಕ್ಕೆ, ಅಲ್ಲಿಂದ ದರ್ಗಾದ ಯಾವುದೋ ಕಂದೂರಿಯ ಹಾಡಿಗೆ, ಅಲ್ಲಿಂದ ಬೀಸುಕಲ್ಲಿನ ಹಾಡಿಗೆ, ಉಸಿರು ಎಲ್ಲಿ ತೆಗೆದುಕೊಂಡ ಎಂದು ಗೊತ್ತಾಗದ ಹಾಗೆ. ಕುಣಿಯುವವರಿಗೆ ತಮಟೆ, ಡ್ರಮ್ಮು ಇದ್ದರೆ ಸಾಕು, ಅವರು ಕುಣಿಯುತ್ತಲೇ ಇರುತ್ತಿದ್ದರು. ನಾವು ಮೂವರು ಕುಣಿಯುವವರ ಮೊಣಕೈ ತಿವಿಸಿಕೊಳ್ಳುತ್ತ ಕಣ್ಣು ಮುಚ್ಚಿ ನಿಲ್ಲುತ್ತಿದ್ದೆವು. ಒಂದು ಮದುವೆಯಲ್ಲಿ ಬಾರಿಸಿದ್ದನ್ನು ಇನ್ನೊಂದರಲ್ಲಿ ಅವನು ಬಾರಿಸಿದ್ದು ನಾನು ಕೇಳಲಿಲ್ಲ. ಅದಕ್ಕೇ ಒಂದೂ ತಪ್ಪಿಸಿಕೊಳ್ಳಲು ಮನಸ್ಸಾಗುತ್ತಿರಲಿಲ್ಲ.

ಸೈಡ್ ಡ್ರಮ್ಮಿನ ದಸ್ತಗೀರ ಅವನ ಜೋಡಿ. ಮೆರವಣಿಗೆಯಲ್ಲಿ ಬಾಜಾ ನಡುವೆ ನಿಲ್ಲಬಾರದು, ವರ ಕುದುರೆಯ ಮೇಲಿರುವಾಗ ನಿಂತರೆ ಅಪಶಕುನ ಎನ್ನುತ್ತಾರೆ. ಮಸೀದಿ ಎದುರಾದರೆ, ಸಾವಾದ ಮನೆ ಎದುರಾದರೆ ಮಾತ್ರ ಸುಮ್ಮನಾಗುವುದು ರೂಢಿ. ಹಾಗಾಗಿ ಕ್ಲಾರಿನೆಟ್ಟಿನವನು ತನಗೆ ಸಾಕಾದಾಗ ನಿಲ್ಲಿಸುವಂತಿಲ್ಲ, ಡ್ರಮ್ಮಿನವನು ಒಂದು ಉರುಳಿಕೆ ಹಾಕಿ ಮುಗಿಸಿ, ಲಯವನ್ನು ತಾನೊಬ್ಬನೇ ಹಿಡಿದುಕೊಂಡರೆ ಮಾತ್ರ ಇವನು ಕೊಳವೆ ಕೆಳಗಿಳಿಸಬಹುದು. ದಸ್ತಗೀರ ಅದನ್ನು ಎಷ್ಟು ಸರಿಯಾಗಿ ಮಾಡುತ್ತಿದ್ದನೆಂದರೆ ನಾವು ಬೆರಗಾಗುತ್ತಿದ್ದೆವು. ಕಣ್ಣಲ್ಲಿ ಕಣ್ಣಿಟ್ಟು ನೋಡುವುದಿಲ್ಲ, ಮಾತಿಲ್ಲ, ಮಾಣಿಕಪ್ಪನಿಗೆ ದಣಿವಾದದ್ದು ಇವನಿಗೆ ಹೇಗೋ ತಿಳಿಯುತ್ತದೆ. ಅದಕ್ಕೆ ನಾವು ದೊಡ್ಡ ದೊಡ್ಡ ಹೆಸರು ಕೊಟ್ಟಿದ್ದೆವು. ಹಮೀದನ ಪ್ರಕಾರ ಅದು ರೂಹಿನ, ಅಂದರೆ ಆತ್ಮದ ಸಂಬಂಧ, ನನ್ನ ಪ್ರಕಾರ ಜನ್ಮಾಂತರದ್ದು.

ಹಮೀದ್ ಅಂಗಡಿಯ ಟೂ-ಇನ್-ಒನ್ ಅನ್ನು ಬಟ್ಟೆಚೀಲದಲ್ಲಿ ಕೊರಳಿಗೆ ನೇತುಹಾಕಿಕೊಂಡು ಬರುತ್ತಿದ್ದ. ಮೈಕನ್ನು ಕಪ್ಪು ಛತ್ರಿಯ ತುದಿಗೆ ಕಟ್ಟಿ ಜನರ ತಲೆಯ ಮೇಲೆ ಎತ್ತಿಹಿಡಿಯುವುದು ನನ್ನ ಕೆಲಸ. ರೇಡಿಯೋದವರು ಬಂದಿದ್ದಾರೆಂದು ಬೀಗರು ನಮಗೆ ಶರಬತ್ತು ಕೊಟ್ಟದ್ದುಂಟು. ಮದುವೆ ಮುಗಿದ ಮೇಲೆ ರೋಜಾದ ಹೋಟೆಲಿನಲ್ಲಿ ಸುಸಲಾ, ಮಿರ್ಚಿ, ಖಡಕ್ ಚಹಾ ಮುಂದಿಟ್ಟುಕೊಂಡು ಚರ್ಚೆ. ನಮ್ಮ ಚರ್ಚೆಗೆ ರಾಗದ ಹೆಸರು ಬೇಕಿರಲಿಲ್ಲ, ಊರಿನ ರಸ್ತೆಗಳೇ ಸಾಕಿದ್ದವು. ಇವತ್ತು ಕೋಟೆ ಕಡೆಯಿಂದ ಹೋದ, ಸ್ಟೇಷನ್ನಿನ ಹತ್ತಿರ ಗಲಿಬಿಲಿಯಾಯಿತು, ಕೊನೆಗೆ ಕೆರೆ ದಂಡೆಯ ಮೇಲೆ ಗಾಳಿ ತಗೊಂಡು ಬಂದ, ಹೀಗೆ. ಒಮ್ಮೆ ಮಾಣಿಕಪ್ಪನನ್ನೇ ಎಳೆದುಕೊಂಡು ಬಂದು ಕೂರಿಸಿ, ಅವನು ಏನು ಬಾರಿಸಿದನೆಂದು ಅವನಿಗೇ ವಿವರಿಸಿದೆವು. ಅವನು ಚಹಾವನ್ನು ಕಪ್ಪಿನಿಂದ ಬಸಿಗೆ ಸುರಿದುಕೊಂಡು ಪೂರಾ ಕೇಳಿ, "ಇಷ್ಟೆಲ್ಲಾ ನಾನೇ ಬಾರಿಸೀನೇನ್ರೀ?" ಎಂದ. ಹಾಡು ಬಿಟ್ಟು ಯಾಕೆ ಅಲೆಯುತ್ತಿ ಎಂದು ಬಸವಂತರಾಯ ಕೇಳಿದ್ದಕ್ಕೆ, ಅದದೇ ಹಾಡು ಅರ್ಧ ದಿನ ಬಾರಿಸಿದರೆ ಬೇಸರವಾಗುತ್ತದೆ, ಹೊತ್ತು ಹೋಗಬೇಕಲ್ಲ ಎಂದು ಹೇಳಿ ಎದ್ದುಹೋದ. ನಾವು ಅದನ್ನು ಅವನ ವಿನಯವೆಂದು ತೀರ್ಮಾನಿಸಿದೆವು. ನಾವು ಶಾಣ್ಯಾರು, ಅವನ ಮಾತನ್ನು ಅವನಂದುಕೊಂಡ ಅರ್ಥದಲ್ಲಿ ತೆಗೆದುಕೊಳ್ಳುವವರಲ್ಲ.

ಆ ವರ್ಷದ ಬಿಸಿಲು ಹೋಳಿಹುಣ್ಣಿಮೆಗೇ ಏರಿತ್ತು. ಮೇ ತಿಂಗಳಲ್ಲಿ ನಮ್ಮ ಕಡೆ ಬೆಳಿಗ್ಗೆ ಹತ್ತು ಗಂಟೆಗೆ ಬೀದಿ ಖಾಲಿಯಾಗುತ್ತದೆ. ಮನೆಯ ಫರಸಿಕಲ್ಲು ಸಂಜೆಯಾದರೂ ಕಾದೇ ಇರುತ್ತದೆ, ಗೋಡೆ ಮುಟ್ಟಿದರೆ ಹಂಚು ಮುಟ್ಟಿದಂತೆ. ಹೊರಗೆ ಹೋಗುವವರು ತಲೆಗೆ ಟಾವೆಲ್ ಸುತ್ತಿ ಜೇಬಿನಲ್ಲಿ ಒಂದು ಉಳ್ಳಾಗಡ್ಡಿ ಇಟ್ಟುಕೊಳ್ಳುತ್ತಾರೆ, ಬಿಸಿಲು ಬಡಿಯದಿರಲೆಂದು. ಮದುವೆಗಳು ಮಾತ್ರ ಇದೇ ಬಿಸಿಲಿಗೆ ಕಾದು ಕೂತವರ ಹಾಗೆ ಸಾಲಾಗಿ ಬರುತ್ತವೆ. ಅಕ್ಷತೆ ಬೀಳುವುದು ಸರಿಯಾಗಿ ನೆತ್ತಿಯ ಮೇಲೆ ಸೂರ್ಯ ಬಂದಾಗ. ಬ್ಯಾಂಡಿನವರಿಗೆ ಟಾವೆಲ್ ಸುತ್ತುವ ಭಾಗ್ಯವಿಲ್ಲ. ಕೊರಳ ತನಕ ಹಿತ್ತಾಳೆ ಗುಂಡಿ ಹಾಕಿದ ಕೆಂಪು ಮಖಮಲ್ಲಿನ ಕೋಟು, ತೋಳಿಗೆ ಜರಿಯ ಪಟ್ಟಿ, ತಲೆಗೆ ತುರಾಯಿಯ ಟೋಪಿ. ಯಾವ ಚಳಿದೇಶದ ಸಿಪಾಯಿಯನ್ನು ನೋಡಿ ಆ ಕೋಟು ಹೊಲಿದರೋ, ಹೊಲಿದವನ ಕೈ ಸೇದಿಹೋಗಲಿ ಎಂದು ನಾನು ಇವತ್ತಿಗೂ ಶಾಪ ಹಾಕುತ್ತೇನೆ. ಮೊದಲಾದರೆ ಮಾಣಿಕಪ್ಪ ಗುಂಡಿ ಬಿಚ್ಚಿಕೊಂಡು ಬಾರಿಸುತ್ತಿದ್ದ. ಆ ವರ್ಷ ಮದುವೆಗಳಿಗೆ ವಿಡಿಯೋ ಬಂತು. ವಿಡಿಯೋದಲ್ಲಿ ಬ್ಯಾಂಡು ಚಂದ ಕಾಣಬೇಕೆಂದು ಕೋಟಿನ ಗುಂಡಿಗಳನ್ನೆಲ್ಲ ಕೊರಳ ತನಕ ಹಾಕಿಸತೊಡಗಿದರು.

ಕಮಲಾಪುರದ ಮದುವೆ ಆ ಹಂಗಾಮಿನ ಕೊನೆಯ ದೊಡ್ಡ ಮುಹೂರ್ತ. ಅದೇ ಮುಹೂರ್ತಕ್ಕೆ ಸೇಡಂ ಕಡೆಗೂ ಒಂದು ಮದುವೆ ಒಪ್ಪಿಕೊಂಡಿದ್ದ ಬ್ಯಾಂಡಿನ ಮಾಲೀಕ ತಂಡವನ್ನು ಎರಡು ಮಾಡಿದ. ದಸ್ತಗೀರ ಆ ಕಡೆ, ಮಾಣಿಕಪ್ಪ ಈ ಕಡೆ. ಕಮಲಾಪುರದ ಪಾರ್ಟಿಗೆ ಸೈಡ್ ಡ್ರಮ್ಮಿಗೆಂದು ಬೀದರ ಕಡೆಯಿಂದ ಹೊಸಬನೊಬ್ಬನನ್ನು ಕರೆಸಿದ್ದ. ಒಳ್ಳೆಯ ಕೈ, ಒಂದು ಕ್ಷಣ ಸುಮ್ಮನಿರದ ಕೈ. ಹುಡುಗರು ಕುಣಿದಷ್ಟೂ ಅವನಿಗೆ ಹುಮ್ಮಸ್ಸು.

ನಾವು ಬಸವಂತರಾಯನ ಮೋಟರ್‌ಸೈಕಲ್ಲಿನಲ್ಲಿ ಮೂವರೂ ಕೂತು ಹೋಗಿದ್ದೆವು. ಬ್ಯಾಂಡಿನವರು ಬಸ್‌ಸ್ಟ್ಯಾಂಡಿನ ನೆರಳಿನಲ್ಲಿ ಇಳಿದಿದ್ದರು. ಮಾಣಿಕಪ್ಪ ದೊಡ್ಡ ಡ್ರಮ್ಮಿನ ಮಗ್ಗುಲಿಗೆ ನೆಲದ ಮೇಲೆ ಕೂತಿದ್ದ. ಕಣ್ಣು ಕೆಂಪಗಿದ್ದವು. ಬಸವಂತರಾಯ ಮಾತಾಡಿಸಿದ. "ಜರಾ ಜ್ವರ ಅದ್ರಿ. ಇದೊಂದು ಲಗ್ನ ಮುಗಸಿ ಮನಿಗಿ ಹೋಗಿ ಮಕ್ಕೋತೀನಿ" ಎಂದ. ಎಡೆಬಿಡದ ಮದುವೆಗಳು, ನಿದ್ದೆ ಇಲ್ಲ, ಇರಬಹುದು ಎಂದುಕೊಂಡೆವು. ಹಮೀದ್ ಟೇಪಿಗೆ ಹೊಸ ಬ್ಯಾಟರಿ ಹಾಕಿಕೊಂಡ.

ವರ ಹನುಮಪ್ಪನ ಗುಡಿಗೆ ಹೋಗಿ ಅಲ್ಲಿಂದ ಮಂಟಪಕ್ಕೆ ಬರಬೇಕು. ದೂರವೇನಿಲ್ಲ, ಸುಮ್ಮನೆ ನಡೆದರೆ ಒಂದು ಬೀಡಿ ಮುಗಿಯುವುದರೊಳಗೆ ತಲುಪಬಹುದು. ಆದರೆ ಕುಣಿತದ ಮೆರವಣಿಗೆ ಹೆಜ್ಜೆಗೊಮ್ಮೆ ನಿಲ್ಲುತ್ತದೆ. ಗುಡಿಯಿಂದ ಹೊರಟಾಗಲೇ ಕೆಳಗಿನ ಮಣ್ಣು ಚಪ್ಪಲಿಯೊಳಗಿಂದ ಸುಡುತ್ತಿತ್ತು. ಮಾಣಿಕಪ್ಪ ಹುಡುಗರು ಕೇಳಿದ ಹಾಡು ಎತ್ತಿಕೊಂಡ. ಬಹಳ ಹೊತ್ತು ಅದನ್ನು ಬಿಡಲಿಲ್ಲ. ಇವತ್ತು ಉತ್ಸಾಹವಿಲ್ಲ, ಸುಮ್ಮನೆ ಬಂದೆವು ಎಂದು ನಾನು ಬಸವಂತರಾಯನ ಕಿವಿಯಲ್ಲಿ ಹೇಳಿದ್ದೂ ಉಂಟು.

ಬಾಳೆಹಣ್ಣಿನ ಅಂಗಡಿಗಳಿದ್ದ ತಿರುವಿನಲ್ಲಿ ಕುದುರೆ ನಿಂತಿತು. ಆಗ ಅದು ಶುರುವಾಯಿತು. ಹಾಡಿನ ನಡುವೆ ಮಾಣಿಕಪ್ಪ ಮೂರು ಸ್ವರ ಬಾರಿಸಿದ, ಮೇಲಿನಿಂದ ಕೆಳಗೆ, ಮೂರನೆಯದನ್ನು ಎಳೆದು ಬಿಟ್ಟ. ಮತ್ತೆ ಹಾಡಿಗೆ ಬಂದ. ಮತ್ತೆ ಆ ಮೂರು ಸ್ವರ, ಈ ಸಲ ಸ್ವಲ್ಪ ತಡೆದು. ನಮ್ಮ ಮೈ ನೆಟ್ಟಗಾಯಿತು. ಆಮೇಲೆ ಅವನು ಹಾಡನ್ನು ಪೂರ್ತಿ ಬಿಟ್ಟ. ಆ ಮೂರು ಸ್ವರಗಳನ್ನೇ ಹಿಡಿದುಕೊಂಡು ಒಮ್ಮೆ ಕೂಗಿದಂತೆ, ಒಮ್ಮೆ ಬಾಯೊಳಗೇ ಅಂದುಕೊಂಡಂತೆ, ಒಮ್ಮೆ ಮಗುವನ್ನು ಕರೆದಂತೆ ಬಾರಿಸಿದ. ನಡುನಡುವೆ ಸ್ವರ ಬಿರಿಯುತ್ತಿತ್ತು, ಗಾಳಿಯಷ್ಟೇ ಬರುತ್ತಿತ್ತು, ಮತ್ತೆ ಸ್ವರ. ಬೀದರಿನವನು ಹಲ್ಲು ಕಚ್ಚಿ ಡ್ರಮ್ಮು ಬಡಿಯುತ್ತಿದ್ದ, ಹುಡುಗರು ಕುಣಿಯುತ್ತಿದ್ದರು. ಆ ಗದ್ದಲದ ಮೇಲೆ ಆ ಮೂರು ಸ್ವರ ಬಂದು ಬಂದು ಹೋಗುತ್ತಿದ್ದವು. ಜೀವಮಾನದಲ್ಲಿ ನಾನು ಕೇಳಿದ ಸಂಗೀತದಲ್ಲಿ ಅಂಥದ್ದು ಇನ್ನೊಂದಿಲ್ಲ. ಇದನ್ನು ಇವತ್ತು ಬರೆಯಲು ಕೈ ಹಿಂಜರಿಯುತ್ತದೆ, ಆದರೂ ಅದು ಸುಳ್ಳಲ್ಲ.

ಅಷ್ಟು ಹೊತ್ತು ಬೀದರಿನವನ ಕಡೆ ನೋಡಿ ಬಾರಿಸುತ್ತಿದ್ದ ಮಾಣಿಕಪ್ಪ ನಮ್ಮ ಕಡೆ ತಿರುಗಿದ. ಛತ್ರಿಯ ಕೆಳಗೆ ನಿಂತಿದ್ದ ನಮ್ಮ ಮೂವರನ್ನು ಒಬ್ಬೊಬ್ಬರನ್ನಾಗಿ ನೋಡಿ, ಆ ಮೂರು ಸ್ವರ ಬಾರಿಸಿದ. ಅಷ್ಟು ದಿನ ಅವನು ನಮ್ಮನ್ನು ನೋಡಿ ಬಾರಿಸಿದ್ದೇ ಇಲ್ಲ. ಹಮೀದನ ಕಣ್ಣಲ್ಲಿ ನೀರು ಬಂತು. "ವಾಹ್ ಮಾಸ್ಟರ್, ಔರ್ ಏಕ್ ಬಾರ್" ಎಂದು ಕೈ ಎತ್ತಿ ಕೂಗಿದ. ನಾನೂ ವಾಹ್ ಎಂದೆ. ಮಾಣಿಕಪ್ಪ ಸ್ವಲ್ಪ ಹೊತ್ತು ನಮ್ಮನ್ನೇ ನೋಡುತ್ತಿದ್ದು, ಕಣ್ಣು ಮುಚ್ಚಿಕೊಂಡು ಇನ್ನೊಮ್ಮೆ ಬಾರಿಸಿದ. ಆಮೇಲೆ ಕಣ್ಣು ತೆರೆಯಲಿಲ್ಲ, ಮಂಟಪ ಬರುವ ತನಕ ದೊಡ್ಡ ಡ್ರಮ್ಮಿನವನ ಹೆಗಲಿಗೆ ಹೆಗಲು ತಾಗಿಸಿಕೊಂಡೇ ನಡೆದ. ಅಕ್ಷತೆಗೆ ಹೊತ್ತಾಯಿತೆಂದು ಪುರೋಹಿತರು ಬಂದು ಕೈ ಮಾಡಿದ ಮೇಲೆ ಬ್ಯಾಂಡು ನಿಂತಿತು.

ಅಕ್ಷತೆ ಬಿದ್ದ ಮೇಲೆ ನಮ್ಮನ್ನೂ ಪಂಕ್ತಿಗೆ ಕೂರಿಸಿದರು. ಎಲೆಯ ಮುಂದೆ ಕೂತು ನಮಗೆ ಊಟದ ಕಡೆ ಲಕ್ಷ್ಯವಿಲ್ಲ. ಹಮೀದ್ ಹೇಳಿದ, ಮಾಸ್ಟರ್ ಇವತ್ತು ದೇವರ ಹತ್ತಿರ ಏನೋ ಬೇಡಿಕೊಂಡ, ದರ್ಗಾದ ಮುಂದೆ ನಿಂತ ಜನ ಹೀಗೇ ಬೇಡಿಕೊಳ್ಳುವುದು. ಬಸವಂತರಾಯನಿಗೆ ಅದು ಮಳೆ ಕರೆಯುವ ಹಾಡಿನಂತೆ ಕೇಳಿಸಿತ್ತು. ಹೊಲ ಬಿರಿದದ್ದನ್ನು ನೋಡಿದವನಿಗೆ ಮಾತ್ರ ಅದು ತಿಳಿಯುತ್ತದೆ ಎಂದ. ನಾನು ನಮ್ಮ ಮನೆಯಲ್ಲಿ ಮಂಗಳಾರತಿಯ ಕೊನೆಗೆ ಅಜ್ಜಿ ಎಳೆಯುತ್ತಿದ್ದ ಮರಾಠಿ ಪದದ ಧಾಟಿ ಅದರಲ್ಲಿದೆ ಎಂದು ಹಟ ಹಿಡಿದೆ. ಹಾಡಿಗೆ ವಾಪಸು ಬಾರದೆ ಹೋದದ್ದೇ ಅದರ ದೊಡ್ಡಸ್ತಿಕೆ, ಮನೆಗೆ ಬರುವ ಹಂಗನ್ನೇ ಇವತ್ತು ಬಿಟ್ಟುಬಿಟ್ಟ ಎಂದೂ ಹೇಳಿದೆ. ಹೇಳುವಾಗ ನನ್ನ ಬಾಯಲ್ಲಿ ಬುಂದಿ ಇತ್ತು.

ಆಗ ಪಂಕ್ತಿಯ ಕೊನೆಯಲ್ಲಿ ಯಾರೋ ಬಾಜಾದವನಿಗೆ ಏನೋ ಆಗಿದೆ ಎಂದರು. ಎದ್ದು ಹೋದೆವು. ಮಂಟಪದ ಹಿಂದೆ ಬೇವಿನ ಗಿಡದ ಬುಡದಲ್ಲಿ ಮಾಣಿಕಪ್ಪ ಕಾಲು ಚಾಚಿ ಬಿದ್ದಿದ್ದ. ಕೋಟಿನ ಗುಂಡಿಗಳು ಹಾಗೇ ಇದ್ದವು. ಮೈ ಮುಟ್ಟಿದರೆ ಸುಡುತ್ತಿತ್ತು, ಒಂದು ಹನಿ ಬೆವರಿರಲಿಲ್ಲ. ಏನೋ ಅನ್ನುತ್ತಿದ್ದ, ಅರ್ಥವಾಗಲಿಲ್ಲ. ಬಸವಂತರಾಯ ಕೋಟು ಹರಿದು ತೆಗೆದ. ಮದುವೆ ಮನೆಯವರು ಕೊಡಗಟ್ಟಲೆ ನೀರು ಸುರಿದರು, ಯಾರೋ ಉಳ್ಳಾಗಡ್ಡಿ ಜಜ್ಜಿ ಅಂಗಾಲಿಗೆ ತಿಕ್ಕಿದರು. ಟೆಂಪೋ ಒಂದಕ್ಕೆ ಹಾಕಿ ಬ್ಯಾಂಡಿನವರೇ ಗುಲಬರ್ಗಾಕ್ಕೆ ಕರೆದುಕೊಂಡು ಹೊರಟರು. ನಾವು ಹಿಂದೆ ಮೋಟರ್‌ಸೈಕಲ್ಲಿನಲ್ಲಿ. ಮಹಾಗಾಂವ ಕ್ರಾಸ್ ದಾಟಿದ ಮೇಲೆ ಟೆಂಪೋ ರಸ್ತೆ ಬದಿಗೆ ನಿಂತಿತು. ದೊಡ್ಡ ಡ್ರಮ್ಮಿನವನು ಕೆಳಗಿಳಿದು ಟೋಪಿ ತೆಗೆದ. ನಾವು ಗಾಡಿ ನಿಲ್ಲಿಸಿ, ಇಳಿಯದೆ ಬಿಸಿಲಿನಲ್ಲಿ ಕೂತೇ ಇದ್ದೆವು.

ಬಿಸಿಲು ಬಡಿದು ಸತ್ತ ಎಂದು ಊರು ಹೇಳಿತು. ಜ್ವರದ ಮೈ, ಆ ಕೋಟು, ಆ ಹೊತ್ತು. ಆಸ್ಪತ್ರೆಯ ಡಾಕ್ಟರು, ಸ್ವಲ್ಪ ಮುಂಚೆ ನೆರಳಿಗೆ ಕೂರಿಸಿ ಕೋಟು ಬಿಚ್ಚಿ ನೀರು ಕೊಟ್ಟಿದ್ದರೆ ಬದುಕುತ್ತಿದ್ದನೇನೋ ಎಂದರಂತೆ. ಬ್ಯಾಂಡಿನ ಮಾಲೀಕ ಮಣ್ಣಿಗೆ ಬಂದು ಅತ್ತು ಹೋದ, ಮುಂದಿನ ಮುಹೂರ್ತಕ್ಕೆ ಬೇರೆ ಕ್ಲಾರಿನೆಟ್ಟಿನವನನ್ನು ಹುಡುಕಿದ. ಅದು ಅವನ ಕಸುಬು, ಬೈದು ಪ್ರಯೋಜನವಿಲ್ಲ. ನಾವು ಮೂವರು ನಮಗೆ ತಿಳಿದ ರೀತಿಯಲ್ಲಿ ದುಃಖಪಟ್ಟೆವು, ಅಂದರೆ ಕ್ಯಾಸೆಟ್ಟು ಹಾಕಿಕೊಂಡು ಕೇಳಿದೆವು. ಹಮೀದನ ಅಂಗಡಿಯಲ್ಲಿ ದಿನಾ ಅದೇ. ಜನ ನಿಂತು ಕೇಳಿ ಕಣ್ಣೊರೆಸಿಕೊಂಡು ಹೋಗುತ್ತಿದ್ದರು. ಹೋಟೆಲಿನವರು ಪ್ರತಿ ಮಾಡಿಸಿಕೊಂಡರು. ಸಾಯುವ ಮೊದಲು ಇಂಥದ್ದು ಬಾರಿಸಿ ಹೋದ ಎಂದು ಎಲ್ಲರೂ ಹೇಳತೊಡಗಿದರು. ಹಾಗೆ ಹೇಳಿಕೊಂಡಾಗ ಅವನು ಸತ್ತದ್ದಕ್ಕೂ ಏನೋ ಅರ್ಥ ಬಂದಂತಾಗಿ ನಮಗೆ ಸಮಾಧಾನವಾಗುತ್ತಿತ್ತು.

ದಸ್ತಗೀರ ಒಂದು ದಿನ ಬಂದ. ಹಮೀದ್ ಸ್ಟೂಲು ಕೊಟ್ಟು ಕೂರಿಸಿ ಕ್ಯಾಸೆಟ್ಟು ಹಾಕಿದ. ಬಾಳೆಹಣ್ಣಿನ ಅಂಗಡಿಯ ತಿರುವು ಬಂದು ಆ ಮೂರು ಸ್ವರ ಮೊದಲ ಸಲ ಕೇಳಿದ್ದೇ ಅವನು ಎದ್ದು ನಿಂತ. ಸ್ವಲ್ಪ ಕೇಳಿದ, ಬಾಗಿಲಿನ ಚೌಕಟ್ಟು ಹಿಡಿದುಕೊಂಡ, ಹೊರಗೆ ಹೋದ. ಇದನ್ನು ಮಾಣಿಕಪ್ಪನ ಹೆಂಡತಿಗೆ ಕೊಡಬೇಕೆಂದಿದ್ದೇವೆ ಎಂದು ನಾನು ಅವನ ಹಿಂದೆ ಹೋಗಿ ಹೇಳಿದೆ. "ಅವರ ಮನಿಗಿ ಇದು ಒಯ್ಯಬ್ಯಾಡ್ರಿ ಸಾಬ್" ಎಂದ. ಯಾಕೆಂದು ಕೇಳಿದರೆ ತಿರುಗಿ ನೋಡದೆ ಓಣಿಗೆ ಇಳಿದು ಹೋದ. ಆ ದಿನ ತಾನು ಜೊತೆಗಿರಲಿಲ್ಲ, ಬೇರೆಯವನ ಡ್ರಮ್ಮಿಗೆ ಇಂಥ ಬಾಜಾ ಬಂತು ಎಂದು ಅವನಿಗೆ ಹೊಟ್ಟೆಕಿಚ್ಚು, ಪಾಪ ಎಂದು ನಾವು ಮಾತಾಡಿಕೊಂಡೆವು.

ದಿನಕರ್ಮ ಎಲ್ಲ ಮುಗಿದ ಮೇಲೆ ಒಂದು ಭಾನುವಾರ ತಾಜಸುಲ್ತಾನಪುರಕ್ಕೆ ಹೋದೆವು. ಮೋಡ ಕೂಡ ಕಟ್ಟಿರಲಿಲ್ಲ. ಮಾಣಿಕಪ್ಪನ ಮನೆ ಒಂದೇ ಪಡಸಾಲೆಯದು, ಗೋಡೆಯ ಗೂಟಕ್ಕೆ ಕ್ಲಾರಿನೆಟ್ಟಿನ ಚೀಲ ತೂಗುಬಿದ್ದಿತ್ತು. ಅವನ ಹೆಂಡತಿ ಕಾಶಿಬಾಯಿ ನಮಗೆ ಚಾಪೆ ಹಾಸಿ ತಾನು ಗೋಡೆಗೆ ಒರಗಿ ಕೂತಳು. ಹುಮನಾಬಾದ ಕಡೆಯ ಶಹನಾಯಿ ಬಾರಿಸುವ ಮನೆತನದ ಮಗಳು ಅವಳು. ಮಾಣಿಕಪ್ಪ ಬಾಜಾ ಕಲಿತದ್ದೂ ಅವಳ ಅಪ್ಪನ ಹತ್ತಿರವೇ. ಇದೆಲ್ಲ ನಮಗೆ ಗೊತ್ತಿತ್ತು. ಗೊತ್ತಿದ್ದದ್ದರಿಂದಲೇ ಅವಳಿಗೆ ಈ ಬಾಜಾದ ಬೆಲೆ ತಿಳಿಯುತ್ತದೆ ಎಂದು ನಮ್ಮ ಲೆಕ್ಕಾಚಾರ. ಹಮೀದ್ ಸಣ್ಣ ಭಾಷಣವನ್ನೇ ಮಾಡಿದ. ಮಾಸ್ಟರ್ ತಮ್ಮ ಜೀವನದ ಅತಿ ದೊಡ್ಡ ಬಾಜಾ ಬಾರಿಸಿ ಹೋದರು, ಅದು ನಿಮ್ಮ ಹತ್ತಿರ ಇರಬೇಕು ಎಂದು. ಅವಳು ತಲೆ ಮೇಲಿನ ಸೆರಗು ಸರಿಮಾಡಿಕೊಂಡು ಹೂಂ ಎಂದಳು.

ಮೊದಲು ಸಿನಿಮಾ ಹಾಡು ಬಂತು. ಗಂಡನ ಉಸಿರು ಕೇಳಿ ಅವಳ ಮುಖ ಸಡಿಲವಾಯಿತು, ನೆಲ ನೋಡುತ್ತ ಕೂತಳು. ಆಮೇಲೆ ಆ ಮೂರು ಸ್ವರ ಬಂದವು. ಅವಳು ತಲೆ ಎತ್ತಿದಳು.

"ಡ್ರಮ್ಮಿಗಿ ಯಾರಿದ್ರು?" ಎಂದು ಕೇಳಿದಳು.

ದಸ್ತಗೀರ ಆ ದಿನ ಸೇಡಂಗೆ ಹೋಗಿದ್ದ, ಬೀದರ ಕಡೆಯ ಹೊಸಬನೊಬ್ಬ ಇದ್ದ ಎಂದು ಬಸವಂತರಾಯ ಹೇಳಿದ. ಮತ್ತೆ ಆ ಸ್ವರ ಬಂತು. ಹಮೀದ್ ಮುಂದಕ್ಕೆ ಬಾಗಿ, ಇದೇ, ಇಲ್ಲಿಂದಲೇ ಶುರು, ಲಕ್ಷ್ಯ ಕೊಟ್ಟು ಕೇಳಿರಿ ಎಂದ.

"ಇದು ಹಾಡಲ್ರೀ" ಎಂದಳು ಕಾಶಿಬಾಯಿ. "ಇದು ನಮ್ಮಪ್ಪನ ಇಶಾರಾ. ಬಾಯಾಗ ಬಾಜಾ ಇದ್ದಾಗ ಮಾತಾಡಾಕ ಬರಂಗಿಲ್ಲಲ್ಲ, ಅದಕ್ಕ. ದಮ್ಮ ಸಾಲವಲ್ದು, ಮುಗಸು ಅಂತ. ಇವರು ದಸ್ತಗೀರನಿಗಿ ಕಲಿಸಿದ್ರು. ಅವ ಇದ್ರ ಹಾಡಿನಾಗ ಒಂದ ಸಲ ಅಂದ್ರ ಸಾಕು, ಮಂದಿಗಿ ತಿಳೀತಿದ್ದಿಲ್ಲ. ಹೊಸಬಗ ಹ್ಯಾಂಗ ಗೊತ್ತಾಗಬೇಕು."

ಟೇಪಿನಿಂದ ಆ ಸ್ವರ ಬರುತ್ತಲೇ ಇತ್ತು. ತಡೆದು ತಡೆದು ಒಮ್ಮೆ, ಗಟ್ಟಿಯಾಗಿ ಒಮ್ಮೆ. ಒಂದೊಂದು ಸಲ ಬಂದಾಗಲೂ ಅವಳು ಮೆಲ್ಲಗೆ "ಮುಗಸು" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತಿದ್ದಳು. ಅವಳು ಅಂದ ಮೇಲೆ ನನಗೂ ಬೇರೆ ಏನೂ ಕೇಳಿಸಲಿಲ್ಲ. ದೇವರು, ಮಳೆ, ಅಜ್ಜಿಯ ಪದ, ಏನೂ ಇಲ್ಲ. ಒಬ್ಬ ಮನುಷ್ಯ ನಡುಬೀದಿಯಲ್ಲಿ ನಿಂತು ಸಾಕು ಸಾಕು ಎನ್ನುತ್ತಿದ್ದ. ಆಮೇಲೆ ಟೇಪಿನಲ್ಲಿ ಹಮೀದನ ದನಿ ಬಂತು, ಮೈಕಿಗೆ ಹತ್ತಿರವಿದ್ದದ್ದರಿಂದ ಎಲ್ಲಕ್ಕಿಂತ ದೊಡ್ಡದಾಗಿ. "ವಾಹ್ ಮಾಸ್ಟರ್, ಔರ್ ಏಕ್ ಬಾರ್." ಅದರ ಹಿಂದೆ ನನ್ನ ದನಿ. ಸ್ವಲ್ಪ ಬಿಟ್ಟು, ಮತ್ತೆ ಆ ಮೂರು ಸ್ವರ.

ಹಮೀದ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ.

"ಬಂದ್ ಮಾಡ್ರಿ" ಎಂದಳು. ಯಾರೂ ಅಲುಗಲಿಲ್ಲ. ಟೇಪು ನನ್ನ ಮೊಣಕಾಲಿನ ಹತ್ತಿರವೇ ಇತ್ತು, ಕೈ ಚಾಚಿದರೆ ಸಿಗುತ್ತಿತ್ತು. ನಾನು ಚಾಚಲಿಲ್ಲ. ಕಾಶಿಬಾಯಿ ಗೋಡೆ ಬಿಟ್ಟು ಮುಂದೆ ಸರಿದು ಟೇಪಿನ ಮುಂದೆ ಕೂತಳು. ಅದರ ಸಾಲುಗುಂಡಿಗಳನ್ನು ನೋಡಿದಳು.

"ಯಾವ ಗುಂಡಿರೀ?" ಎಂದು ಕೇಳಿದಳು.

ಬಸವಂತರಾಯ ಬೆರಳು ತೋರಿಸಿದ. ಅವಳು ಒತ್ತಿದಳು. ಮನೆಯೊಳಗೆ ಒಮ್ಮೆಲೇ ಸದ್ದಿಲ್ಲದಾಯಿತು. ಅವಳು ಆ ಗುಂಡಿಯ ಮೇಲಿಂದ ಬೆರಳು ತೆಗೆಯದೆ ಕೂತಿದ್ದಳು. ಇದರ ಪ್ರತಿ ಮತ್ತೆ ಎಲ್ಲೆಲ್ಲಿ ಇವೆ ಎಂದು ಕೇಳಿದಳು. ಹೋಟೆಲುಗಳ ಹೆಸರು ಹೇಳಿದೆವು. ಎಲ್ಲ ವಾಪಸು ತರುತ್ತೇವೆ ಎಂದು ಬಸವಂತರಾಯ ಹೇಳಿದ. ಹೂಂ ಎಂದಳು.

ಆಮೇಲೆ ಎದ್ದು ಒಳಗೆ ಹೋದಳು. ಗಡಿಗೆಯಿಂದ ನೀರು ಮೊಗೆಯುವ ಸಪ್ಪಳ ಕೇಳಿಸಿತು. ಹಿತ್ತಾಳೆ ಚೊಂಬು ತುಂಬ ನೀರು, ಒಂದು ತಟ್ಟೆಯಲ್ಲಿ ಬೆಲ್ಲದ ಚೂರು ತಂದು ನಮ್ಮ ಮುಂದೆ ಇಟ್ಟಳು.

"ಬಿಸಿಲಾಗ ಬಂದೀರಿ" ಎಂದಳು. "ನೀರು ಕುಡೀರಿ."

ಹಮೀದ್ ಕುಡಿದು ನನಗೆ ಕೊಟ್ಟ, ನಾನು ಕುಡಿದು ಬಸವಂತರಾಯನಿಗೆ ಕೊಟ್ಟೆ. ನಾವು ಕುಡಿದು ಮುಗಿಸುವ ತನಕ ಅವಳು ನಿಂತೇ ಇದ್ದಳು.